ಹೊಸ್ತಿಲಿಗೆ ಬಳಿದ ಎಣ್ಣೆ

ಅರಸೀಕೆರೆಯ ನಮ್ಮ ಮನೆಯ ಹೊಸ್ತಿಲನ್ನು ಗೆದ್ದಲು ಎರಡು ಸಲ ತಿಂದು ಮುಗಿಸಿತ್ತು. ಮೂರನೆಯದನ್ನು ಕೂರಿಸಿದ ದಿನದಿಂದ ನಾನು ಗಂಡನ ಪ್ರಾಣ ಹಿಂಡತೊಡಗಿದೆ. ಅವರು ರೈಲು ಹಳಿಯ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು. ಹಳಿಯ ಕೆಳಗಿನ ಮರದ ಸ್ಲೀಪರುಗಳಿಗೆ ಕ್ರಿಯೋಸೋಟ್ ಎಂಬ ಕಪ್ಪೆಣ್ಣೆ ಕುಡಿಸುತ್ತಾರೆ, ಗೆದ್ದಲು ಹತ್ತಿರ ಸುಳಿಯುವುದಿಲ್ಲ ಎಂದು ಹೇಳಿದವರೇ ಅವರು. ಹಾಗಾದರೆ ಒಂದಿಷ್ಟು ತರಬಾರದೇ? ನನ್ನ ಕಾಟ ತಾಳದೆ ಒಂದು ಡಬ್ಬಿ ತಂದು ಬಳಿದರು. ಮನೆಯೆಲ್ಲ ಘಾಟು.

“ಎಂಟು ದಿನ ಯಾರೂ ಮುಟ್‌ಬ್ಯಾಡಿ. ಮೈ ಸುಡ್ತೈತೆ ಕಣೇ,” ಎಂದರು.

ಬೆಂಕಿಯಿಲ್ಲದೆ ಸುಡುವುದೆಂದರೇನು ಎಂದು ನಾನು ನಕ್ಕೆ.

ಎರಡು ದಿನಕ್ಕೆ ಶುಕ್ರವಾರ ಬಂತು. ಶುಕ್ರವಾರ ಹೊಸ್ತಿಲಿಗೆ ಅರಿಸಿನ ಬೀಳದ ಮನೆಯುಂಟೇ? ಕರಿ ಹೊಸ್ತಿಲು ಕಂಡು ಅತ್ತೆ ಆಗಲೇ ಮುಖ ಗಂಟು ಹಾಕಿಕೊಂಡಿದ್ದರು. ಅರಿಸಿನವನ್ನು ಗಟ್ಟಿಯಾಗಿ ಕಲಸಿ, ಕಪ್ಪು ಕಾಣದಷ್ಟು ದಪ್ಪಗೆ ಬರಿಗೈಯಲ್ಲಿ ಮೆತ್ತಿದೆ. ಆಮೇಲೆ ಅಂಗಳದ ಬಿಸಿಲಲ್ಲಿ ಕೂತು ಮೆಣಸಿನಕಾಯಿ ಹರವಿದೆ. ಸಂಜೆಗೆ ಕೈಯೆಲ್ಲ ಕೆಂಪೇರಿ ಉರಿಯತೊಡಗಿತು. ಕೇಳಿದ ಅತ್ತೆಗೆ ಮೆಣಸಿನಕಾಯಿ ಖಾರ ಎಂದೆ. ಅಲ್ಲವೆಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಗಂಡನಿಂದಲೂ ಅತ್ತೆಯಿಂದಲೂ ಬೈಗುಳ.

ಮಾರನೆಯ ಬೆಳಿಗ್ಗೆ ನನ್ನ ಒಂಬತ್ತು ತಿಂಗಳ ಮಗಳು ಅಂಬೆಗಾಲಿಕ್ಕುತ್ತ ನೆಟ್ಟಗೆ ಹೊಸ್ತಿಲಿಗೆ ಹೋದಳು. ಮಗು ಮೊದಲ ಸಲ ಹೊಸ್ತಿಲು ದಾಟಿದರೆ ನಮ್ಮಲ್ಲಿ ಸಿಹಿ ಹಂಚುತ್ತಾರೆ. ನಾನು ಓಡಿಹೋಗಿ ಕೈ ಚಾಚಿದೆ.

“ತಡೀಬ್ಯಾಡ ಕಣೇ! ದಾಟೋ ಮಗೀನ ಹಿಂದಕ್ಕೆ ಎಳೀಬಾರ್ದು!” ಅತ್ತೆ ಗದರಿದರು.

ಚಾಚಿದ ಕೈ ಹಾಗೇ ನಿಂತಿತು. ಎರಡೂ ಅಂಗೈ ಊರಿ, ಬತ್ತಲೆ ಹೊಟ್ಟೆಯನ್ನು ಹೊಸ್ತಿಲ ಮೇಲೆ ಎಳೆದುಕೊಂಡು ಮಗು ಆಚೆಗಿಳಿಯಿತು. ಹೊಟ್ಟೆಯೆಲ್ಲ ಅರಿಸಿನ. ಅತ್ತೆ ಹಿಗ್ಗಿ ಹೀರೇಕಾಯಿಯಾಗಿ ಅವಳನ್ನೆತ್ತಿಕೊಂಡು ಬಿಸಿಲಲ್ಲಿ ಬೀದಿಗೆಲ್ಲ ತೋರಿಸಲು ಹೋದರು. ನಾನು ಒಳಗೆ ಹೋಳಿಗೆಗೆ ಬೇಳೆ ಬೇಯಿಸುತ್ತ, ಏನೂ ಆಗದಿರಲಿ ದೇವರೇ ಎನ್ನುತ್ತಿದ್ದೆ. ಎದ್ದು ಹೋಗಿ ಮಗುವನ್ನು ತೊಳೆಯಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಸಂಜೆಗೆ ಹೊಟ್ಟೆ, ತೊಡೆ, ಅಂಗೈ ಕೆಂಡದಂತೆ ಕೆಂಪಾದವು. ಮಗು ಅತ್ತು ಅತ್ತು ಸೊರಗಿತು. ಬೆಳಗಾಗುವುದರೊಳಗೆ ಬೊಬ್ಬೆಗಳೆದ್ದವು.

“ಸುಡ್ತೈತೆ ಅಂತ ನಂಗೆ ಮೊನ್ನೇನೇ ಗೊತ್ತಾಗಿತ್ತು ಕಣ್ರೀ. ನಾನು ಹೇಳ್ಲಿಲ್ಲ,” ಎಂದು ಗಂಡನ ಮುಂದೆ ಅಳುತ್ತ ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರು ಸೋಪಿನಲ್ಲಿ ತೊಳೆಸಿ, ಮುಲಾಮು ಹಚ್ಚಿ, “ಬಿಸಿಲಿಗೆ ಬಿಡಬೇಡಿ, ಬಿಸಿಲು ಬಿದ್ದಷ್ಟೂ ಈ ಎಣ್ಣೆ ಸುಡುತ್ತೆ. ಆ ಕೈ ಕಣ್ಣಿಗೆ ಹೋಗದ ಹಾಗೆ ನೋಡ್ಕೊಳ್ಳಿ,” ಎಂದರು. ಅಂಗೈಗೆ ಬಟ್ಟೆ ಸುತ್ತಿ ಆ ವಾರವೆಲ್ಲ ಅವಳ ಕಣ್ಣನ್ನೇ ನೋಡುತ್ತ ಕೂತೆ. ಮಗು ಒಮ್ಮೆ ಕಣ್ಣು ಕಿವುಚಿದರೆ ರೆಪ್ಪೆ ಬಿಡಿಸಿ ನೋಡುತ್ತಿದ್ದೆ. ಗಂಡ ಹೊಸ್ತಿಲನ್ನು ಹಾರೆಯಿಂದ ಕಿತ್ತು, ಹೊಗೆಯೂ ವಿಷವೆಂದು ಒಲೆಗೂ ಹಾಕಗೊಡದೆ ಊರಾಚೆ ಹೂತು ಬಂದರು.

ಗಾಯ ಒಣಗಿ ಹೊಸ ಚರ್ಮ ಬಂದ ಮೇಲೆ ಮಗುವನ್ನು ನೆಲಕ್ಕೆ ಬಿಟ್ಟೆ. ಅಂಬೆಗಾಲಿಕ್ಕುತ್ತ ಬಾಗಿಲವರೆಗೆ ಹೋದಳು. ಅಲ್ಲಿ ಹೊಸ್ತಿಲಿರಲಿಲ್ಲ, ಕಿತ್ತ ಜಾಗದ ಮಣ್ಣಷ್ಟೇ ಇತ್ತು. ಆಚೆಯಿಂದ ಅತ್ತೆ ಬೆಲ್ಲ ತೋರಿಸಿ ಕರೆದರು. ಅವಳು ಹೋಗಲಿಲ್ಲ. ಅಲ್ಲೇ ಕೂತು, ಹಿಂತಿರುಗಿ, ಎರಡೂ ಅಂಗೈಗಳನ್ನೆತ್ತಿ ನನಗೆ ತೋರಿಸಿದಳು.