ದೆವ್ವದ ಚಿತ್ರಕ್ಕೆ ಎದ್ದು ನಿಂತದ್ದು

ರಜಕ್ಕೆ ಮೊಮ್ಮಕ್ಕಳೆಲ್ಲ ಬಂದಿದ್ದಾರೆ. ಮನೆ ತುಂಬ ಗಲಾಟೆ, ನನಗೋ ಹೊಟ್ಟೆ ತುಂಬ ಸಂತೋಷ. ಯಾರು ಸಿಕ್ಕಿದರೂ ಹಿಡಿದು ನಿಲ್ಲಿಸಿ ಹೇಳೋಣ ಅನ್ನಿಸುತ್ತದೆ. ನಿನ್ನೆ ಬಾಡಿಗೆಗೆ ವಿಡಿಯೋ ಕ್ಯಾಸೆಟ್ಟು ತಂದು ದೆವ್ವದ ಚಿತ್ರ ಹಾಕಿದರು. ದೆವ್ವದ ಮುಖಕ್ಕೆ ಮೈದಾ ಹಿಟ್ಟು ಬಳಿದ ಹಾಗಿತ್ತು. ಮುಗಿದ ಮೇಲೆ ಚಿಕ್ಕವಳು ನನ್ನ ತೊಡೆಯೇರಿ ಕೂತು, ನೀನೇ ಜಡ್ಜು ಅಜ್ಜಿ, ಹತ್ತಕ್ಕೆ ಎಷ್ಟು ಕೊಡ್ತೀಯ ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ತಿರುಗಿದ್ದೇ ತಡ, ನನ್ನ ಕಿವಿಯೆಲ್ಲ ಬಿಸಿಯಾಗಿ ಸೆರಗು ಬಾಯಿಗೆ ಬಂತು.

ದೆವ್ವದ ಚಿತ್ರ ಹೇಗಿದೆ ಅಂತ ನನ್ನನ್ನು ಕೇಳಿದ್ದು ಇದೇ ಮೊದಲಲ್ಲ. ಮಹಾರಾಜರ ಕಾಲದಲ್ಲಿ, ಊರಿಗೆ ಊರೇ ಕೂತಿರುವಾಗ, ಒಂದು ಸಲ ಕೇಳಿದ್ದರು. ಆವತ್ತಿನ ನಾಚಿಕೆ ಇನ್ನೂ ಆರಿಲ್ಲ. ಮಕ್ಕಳ ಎದುರು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಕ್ಷರ ಕಲಿತದ್ದೇ ಮಗಳ ಸ್ಲೇಟು ನೋಡಿಕೊಂಡು. ಸೊಟ್ಟಗಿದ್ದರೆ ಸೊಟ್ಟಗೇ ಓದಿಕೊಳ್ಳಿ.

ನಾನು ಎರಡನೇ ಸಂಬಂಧಕ್ಕೆ ಬಂದವಳು. ಊರು ಹುಣಸೂರಿಗೆ ಅರ್ಧ ದಿನದ ಗಾಡಿ ದಾರಿ. ಯಜಮಾನರ ಮೊದಲ ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದರು, ಹೆಣ್ಣು ಕೂಸು ಉಳಿದಿತ್ತು. ಆ ಕೂಸೇ ಈ ಮೊಮ್ಮಕ್ಕಳ ತಾಯಿ. ಕಣ್ಣಲ್ಲಿ ಕಾಣದ ಆ ಮೊದಲನೆಯವರನ್ನು ನಾನು ಅಕ್ಕ ಅನ್ನಬೇಕಿತ್ತು. ನನ್ನ ತಾಳಿಯ ಜೊತೆಗೆ ಅವರ ಹೆಸರಿನಲ್ಲಿ ಒಂದು ಪುಟ್ಟ ಬೆಳ್ಳಿ ತಗಡು ಕಟ್ಟಿದ್ದರು. ಅಮಾವಾಸ್ಯೆಗೆ ಸೀರೆ, ಎಡೆ ಇಟ್ಟು, ತಲೆ ತುಂಬ ಸೆರಗು ಹೊದ್ದು, ಕೈಮುಗಿದು ನಿಲ್ಲಬೇಕು. ಅತ್ತೆ ಇನ್ನೂ ಒಂದು ಮಾತು ಹೇಳಿಕೊಟ್ಟಿದ್ದರು: ಕನಸಿನಲ್ಲಿ ಅಕ್ಕ ಬಂದರೂ ಎದ್ದು ನಿಂತುಕೊಳ್ಳಬೇಕು, ಕಿರಿಯವಳು ಕೂತೇ ಇದ್ದರೆ ಹಿರಿಯವಳಿಗೆ ಸಿಟ್ಟು ಬರುತ್ತದೆ. ಅದು ನನ್ನ ಮೈಗೆ ಹತ್ತಿಬಿಟ್ಟಿತ್ತು. ಕನಸು ಬಿದ್ದರೆ ನಿದ್ದೆಗಣ್ಣಲ್ಲೇ ಎದ್ದು ನಿಲ್ಲುತ್ತಿದ್ದೆ.

ಅಕ್ಕನ ತಾಯಿ ಅದೇ ಊರಿನ ಕೆಳಗಿನ ಬೀದಿಯಲ್ಲಿದ್ದರು. ನನ್ನ ಮದುವೆಯಾದಂದಿನಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಬಂದವಳು ನಿನ್ನ ಮಗಳ ಗುರುತೇ ಇಲ್ಲದಂತೆ ಗುಡಿಸಿ ಹಾಕಿದಳು ಅಂತ ಯಾರೋ ಅವರ ಕಿವಿಗೆ ಊದಿದ್ದರು. ಬಾವಿಯ ಹತ್ತಿರ ನಾನು ಎದುರಾದರೆ ಮುಖ ತಿರುಗಿಸುತ್ತಿದ್ದರು, ನನ್ನ ಕಂಕುಳಲ್ಲಿದ್ದ ಮಗುವನ್ನು ಮಾತ್ರ ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ಒಂದು ಸಲ ನಮ್ಮ ಮನೆಯೊಳಗೆ ಬಂದು ಮಗುವನ್ನು ಮುಟ್ಟಿದರೆ ಸಾಕಾಗಿತ್ತು ನನಗೆ. ಅಜ್ಜಿ ಇದ್ದೂ ಇಲ್ಲದ ಕೂಸಾಗಿತ್ತಲ್ಲ ಅದು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಊರ ಮುಂದಿನ ಬಯಲಿಗೆ ಟೆಂಟು ಸಿನಿಮಾ ಬಂತು. ಟೆಂಟಿನವನು ಅಗ್ಗಕ್ಕೆ ಸಿಗುವ ಹಳೇ ಚಿತ್ರಗಳನ್ನೇ ತರುತ್ತಿದ್ದ. ಈ ಸಲದ್ದು ದೆವ್ವದ ಚಿತ್ರ, ಮಾತು ತಮಿಳು. ಹಸುಗೂಸು ಬಿಟ್ಟು ಸತ್ತ ಮೊದಲ ಹೆಂಡತಿ ತಿರುಗಿ ಬಂದು ಎರಡನೆಯವಳನ್ನು ಕಾಡುವ ಕಥೆಯಂತೆ. ಕೃಷ್ಣರಾಜನಗರದ ಕಡೆ ಇದನ್ನು ನೋಡಿ ಬಸುರಿಯೊಬ್ಬಳು ಎಚ್ಚರ ತಪ್ಪಿದಳು ಅಂತ ಸುದ್ದಿ ಮೊದಲೇ ಬಂದಿತ್ತು. ಅದಕ್ಕೆ ನಮ್ಮ ಪಟೇಲರು ಒಂದು ಕಟ್ಟು ಮಾಡಿದರು: ಮೊದಲ ದಿನ ಊರ ಹಿರಿಯರು ಮುಂದೆ ಕೂತು ನೋಡಬೇಕು, ಅವರು ಆಗಬಹುದು ಅಂದರೆ ಮಾತ್ರ ಮುಂದಿನ ಆಟ. ಹೆಂಗಸರ ಪರವಾಗಿಯೂ ಒಬ್ಬರಿರಲಿ ಅಂತಾಯಿತು. ಕೊರಳಲ್ಲಿ ಅಕ್ಕನ ತಗಡು ಇರುವವಳು ಊರಿಗೆಲ್ಲ ನಾನೊಬ್ಬಳೇ, ಇಂಥ ದೆವ್ವದ ನಿಜ ಸುಳ್ಳು ನನಗಲ್ಲದೆ ಯಾರಿಗೆ ಗೊತ್ತಾದೀತು ಅಂತ ನನ್ನನ್ನೇ ಕೂರಿಸಿದರು.

ದೀಪ ಹಚ್ಚುವ ಹೊತ್ತಿಗೆ ಆಟ ಶುರುವಾಯಿತು. ಮುಂದೆ ಮರಳಿನ ಮೇಲೆ ಚಾಪೆ ಹಾಕಿ ಹಿರಿಯರು, ಅವರಿಂದ ಒಂದಿಷ್ಟು ದೂರಕ್ಕೆ ನಾನು. ಹಿಂದೆ ಗಂಡಸರು, ತಡಿಕೆಯ ಆಚೆ ಹೆಂಗಸರು. ಅಲ್ಲಿ ಅಕ್ಕನ ತಾಯಿಯೂ ಕೂತಿದ್ದನ್ನು ಬರುವಾಗಲೇ ಕಂಡಿದ್ದೆ. ಅದುವರೆಗೆ ನಾನು ಸಿನಿಮಾ ನೋಡಿದವಳೇ ಅಲ್ಲ.

ಬೆಟ್ಟ ಅಂತ ತೋರಿಸಿದ್ದು ಬಣ್ಣ ಬಳಿದ ಬಟ್ಟೆ, ಅದು ಗಾಳಿಗೆ ಅಲುಗುತ್ತಿತ್ತು, ದೆವ್ವದ ಸೀರೆಯ ಕೆಳಗೆ ಗಂಡಸಿನ ಪಾದ ಕಾಣುತ್ತಿತ್ತು ಅಂತ ಆಮೇಲೆ ಎಲ್ಲರೂ ಹೇಳಿ ಹೇಳಿ ನಕ್ಕರು. ನನಗೆ ಅದ್ಯಾವುದೂ ಕಾಣಲಿಲ್ಲ. ಗಂಡ ಹೆಂಡತಿ ಮಲಗಿದ್ದ ಕೋಣೆಯ ಬಾಗಿಲು ತಾನಾಗಿ ತೆರೆಯಿತು. ಬಿಳಿ ಸೀರೆಯ ಹೆಂಗಸು ಒಳಗೆ ಬಂದು, ಗಂಡನ ಮಂಚದ ಪಕ್ಕ ನಿಂತು, ನೆಟ್ಟಗೆ ನನ್ನನ್ನೇ ನೋಡಿದಳು. ನಾನು ಎದ್ದು ನಿಂತುಬಿಟ್ಟೆ. ತಲೆ ತುಂಬ ಸೆರಗು ಎಳೆದುಕೊಂಡು ಕೈಮುಗಿದೆ. ಹಿಂದಿನಿಂದ ಬರುವ ಬೆಳಕಿಗೆ ನಾನೇ ಅಡ್ಡ. ನನ್ನ ಮುಸುಕು, ಮುಗಿದ ಕೈ ಎಲ್ಲ ಪರದೆಯ ಮೇಲೆ, ಆ ದೆವ್ವದ ಎದುರಿಗೇ, ಕಪ್ಪಗೆ ದೊಡ್ಡದಾಗಿ ಬಿದ್ದಿತ್ತು.

ಗಂಡಸರ ಕಡೆಯಿಂದ ಒಬ್ಬ, "ಅಕ್ಕನ್ ಕಂಡು ತಂಗಿ ಎದ್ ನಿಂತವ್ಳೆ ಕಣ್ಲಾ. ಅಕ್ಕನ್ಗೊಂದ್ ಮಣೆ ಆಕ್ರಲಾ" ಅಂದ. ಟೆಂಟಿನ ಗಳ ಅಲುಗುವ ಹಾಗೆ ನಕ್ಕರು. ಮಿಷನ್ನು ನಿಲ್ಲಿಸಿ ಗ್ಯಾಸ್ ಲೈಟು ಹಚ್ಚಿದರು. ಕೂರುವುದಕ್ಕೂ ತೋಚದೆ ನಾನು ಹಾಗೇ ನಿಂತಿದ್ದೆ. ಪಟೇಲರು ನಗು ತಡೆದುಕೊಂಡು ನನ್ನನ್ನೇ ಕೇಳಿದರು:

"ನೀನೇ ಹೇಳವ್ವ, ಚಿತ್ರ ಹೆಂಗೈತೆ? ಆಡಿಸ್ಲೋ ಬ್ಯಾಡ್ವೋ?"

ಯಜಮಾನರನ್ನು ಹುಡುಕಿದೆ. ಅವರು ತಲೆ ತಗ್ಗಿಸಿ ಬೆರಳಲ್ಲಿ ಮರಳು ಕೆದಕುತ್ತಿದ್ದರು. ಊರು ನಕ್ಕದ್ದಕ್ಕಿಂತ ಅದನ್ನು ಕಂಡು ಭೂಮಿಗಿಳಿದು ಹೋದೆ.

ಆಗ ತಡಿಕೆಯ ಆಚೆ ಅಕ್ಕನ ತಾಯಿ ಎದ್ದು ನಿಂತರು.

"ಅವ್ಳನ್ಯಾಕ್ ಕೇಳೀರಿ ಪಟೇಲ್ರೇ, ನಾನ್ ಹೇಳ್ತೀನಿ. ಈ ದೆವ್ವ ಸುಳ್ಳು. ಹಸುಗೂಸು ಬುಟ್ಟು ಸತ್ತೋಳು ಗಂಡನ್ ಮಂಚದ್ ತಾವ ಯಾಕ್ ಹೋದಾಳು? ತೊಟ್ಲು ತಾವ ಹೋಯ್ತಾಳೆ. ಇದ್ನ ಮಾಡ್ದೋನ್ಗೆ ಅಷ್ಟೂ ಗೊತ್ತಿಲ್ಲ."

ಅವರು ಸೆರಗು ಕೊಡವಿಕೊಂಡು, ನನ್ನ ಕಡೆ ನೋಡದೆ ಹೊರಟುಹೋದರು. ಪಟೇಲರು ಆ ಚಿತ್ರ ಬೇಡ, ಯಾವುದಾದರೂ ದೇವರದ್ದು ತಾ ಅಂತ ಟೆಂಟಿನವನಿಗೆ ಹೇಳಿ ಎದ್ದರು.

ಮಾರನೆಯ ದಿನ ನಾನು ಬಾವಿಗೆ ಹೋಗಲಿಲ್ಲ. ಬೀದಿಯ ಮಕ್ಕಳು ನಮ್ಮ ಜಗಲಿಯ ಮುಂದೆ ಟವಲಿನ ಮುಸುಕು ಹಾಕಿ, ಕೈಮುಗಿದು ನಿಂತು ಆಟ ಕಟ್ಟಿದ್ದರು. ಅತ್ತೆ ಬೈದು ಬೈದು ಹೊಲಕ್ಕೆ ಹೋದರು. ಮನೆಯಲ್ಲಿ ನೀರಿಲ್ಲ, ಒಲೆ ಹೊತ್ತಿಲ್ಲ, ಮಗುವಿನ ಮೂಗೂ ಒರೆಸಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಮೂಲೆ ಹಿಡಿದಿದ್ದೆ. ಯಾರೋ ಬಾಗಿಲು ನೂಕಿದರು. ನೋಡಿದರೆ ಅಕ್ಕನ ತಾಯಿ, ಸೊಂಟದ ಮೇಲೆ ತುಂಬಿದ ಬಿಂದಿಗೆ. ನಿನ್ನೆ ಎದ್ದು ಕೆಟ್ಟವಳಿಗೆ ಈಗ ಏಳಬೇಕೋ ಕೂತಿರಬೇಕೋ ಅದೇ ತಿಳಿಯಲಿಲ್ಲ.

ಅವರು ಹೊಸ್ತಿಲಾಚೆಯಿಂದಲೇ ಕೇಳಿದರು. "ಮನೇಲೂ ಅಂಗೇ ನಿಂತ್ಕತೀಯಾ, ನನ್ ಮಗಳಿಗೆ?"

ಅಮಾವಾಸ್ಯೆಗೆ ನಿಲ್ಲುತ್ತೇನೆ, ಕನಸು ಬಿದ್ದರೂ ಎದ್ದು ನಿಲ್ಲುತ್ತೇನೆ ಅಂದೆ. ಅವರು ಹೊಸ್ತಿಲು ತುಳಿದು ಒಳಗೆ ಬಂದರು. ಬಿಂದಿಗೆ ಇಳಿಸಿ, ತಮ್ಮ ಸೆರಗಿನಿಂದಲೇ ಮಗುವಿನ ಮೂಗು ಒರೆಸಿದರು. ಗುರುತು ಹತ್ತದೆ ಮಗು ಕಿಟಾರನೆ ಕಿರುಚಿ ನನ್ನ ಕಡೆಗೆ ಕೈ ಚಾಚಿತು. ಹೆತ್ತವಳ ತಾಯಿಯ ಎದುರಿಗೇ ಹಾಗೆ ಮಾಡಿತಲ್ಲ ಅಂತ ನನಗೆ ಮತ್ತೆ ಕಿವಿ ಬಿಸಿಯಾಯಿತು, ಎತ್ತಿಕೊಳ್ಳಲು ಹಿಂದೆ ಮುಂದೆ ನೋಡಿದೆ.

"ಎತ್ಕೊ, ಎತ್ಕೊ" ಅಂದರು ಅವರು. "ಇಷ್ಟ್ ಹೊತ್ತಾದ್ರೂ ಒಲೆ ಹಚ್ಚಿಲ್ವಲ್ಲ, ಕೂಸು ಏನ್ ತಿಂದೀತು?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದತೊಡಗಿದರು. ನಾನು ಮಗುವಿನ ತಲೆಯ ಹಿಂದೆ ಮುಖ ಮರೆಮಾಡಿಕೊಂಡು, ಅವರು ಕೇಳುವ ಮೊದಲೇ ಸೌದೆ ತಂದುಕೊಡಲು ಹಿತ್ತಲಿಗೆ ಹೋದೆ.