ಕಾಲು ನೆಟ್ಟಗೆ ಎತ್ತುವ ಊರು

ದಾವಣಗೆರೆಗೆ ಬಂದ ಮರುದಿನವೇ ಇಲ್ಲಿಯ ನೆಲ ನನ್ನ ಒಂದು ಚಪ್ಪಲಿಯನ್ನು ನುಂಗಿ ಹಾಕಿತು. ಹಿಂದಿನ ಸಂಜೆ ಮಳೆ ಬಂದಿತ್ತು. ನಿಟ್ಟುವಳ್ಳಿಯ ಬಾಡಿಗೆ ಮನೆಯಿಂದ ಬಸ್ಸಿನ ರಸ್ತೆಗೆ ಹೋಗಲು ಒಂದು ಖಾಲಿ ಸೈಟು ದಾಟಬೇಕು. ನಮ್ಮ ಗಂಗೊಳ್ಳಿಯಲ್ಲಿ ಎಷ್ಟು ಮಳೆ ಹೊಯ್ದರೂ ಕಡಲ ಬದಿಯ ಮರಳು ಗಳಿಗೆಯಲ್ಲಿ ನೀರು ಕುಡಿದು ಸುಮ್ಮನಾಗುತ್ತದಲ್ಲ, ಅದೇ ಧೈರ್ಯದಲ್ಲಿ ಕಾಲಿಟ್ಟೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಚಪ್ಪಲಿಗೆ ಕಪ್ಪು ಮಣ್ಣು ಮೆತ್ತಿಕೊಂಡು ಎರಡೂ ಕಾಲು ಒರಳುಕಲ್ಲಾದವು. ಎಳೆದೆ. ಕಾಲು ಬಂತು, ಚಪ್ಪಲಿ ಬರಲಿಲ್ಲ.

ಮನೆಯ ಯಜಮಾನಿ ಗೌರಮ್ಮ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು. "ಎಳೀಬ್ಯಾಡ್ರಿ ಮೇಡಂ! ಎಳೆದಷ್ಟೂ ಹಿಡೀತೈತೆ ಅದು. ಎರೆಮಣ್ಣು ರೀ. ಮೊದ್ಲು ಹಿಮ್ಮಡಿ, ಆಮ್ಯಾಲೆ ಬೆರಳು. ಕಾಲು ನೆಟ್ಟಗೆ ಮ್ಯಾಲಕ್ಕೆ ಎತ್ರಿ!" ನಾನು ನಕ್ಕೆ. ನಲವತ್ತು ದಾಟಿದವಳಿಗೆ, ಅದರಲ್ಲೂ ಇಪ್ಪತ್ತು ವರ್ಷ ಕಬಡ್ಡಿ ಆಡಿ ಮೊಣಕಾಲು ಕಳೆದುಕೊಂಡವಳಿಗೆ, ಕಾಲಿಡುವುದನ್ನು ಹೇಳಿಕೊಡುತ್ತಾರಲ್ಲ ಎಂದು ನಗು ಬಂತು. ಆ ಮಾತನ್ನು ಅಲ್ಲೇ ಮರೆತೆ. ಮರೆಯಬಾರದಿತ್ತು.

ನಾನು ಇಲ್ಲಿಗೆ ಬಂದದ್ದು ಯಾಕೆಂದು ಊರಿನಲ್ಲಿ ಇನ್ನೂ ಕೆಲವರು ನನ್ನ ತಂಗಿಯನ್ನು ಕೇಳುತ್ತಾರಂತೆ. ಹೇಳಿಬಿಡುತ್ತೇನೆ. ಒಂದು ಖಾಸಗಿ ಮಹಿಳಾ ಕಬಡ್ಡಿ ತಂಡವಿದೆ. ಟಿ.ವಿ.ಯಲ್ಲಿ ಕಾಣುವುದು ಅದರ ದೊಡ್ಡ ತಂಡ. ಅದರ ಕೆಳಗೆ ಮೂರು ಊರುಗಳಲ್ಲಿ ಕಿರಿಯರ ತಂಡಗಳಿವೆ, ಅವುಗಳಲ್ಲೊಂದು ದಾವಣಗೆರೆಯದು. ಹದಿನೆಂಟು ಹುಡುಗಿಯರು. ಅವರಿಗೆ ಆಟ ಕಲಿಸುವುದು ಬೇರೆಯವರ ಕೆಲಸ. ನನ್ನದು ನೋಡುವುದು ಮಾತ್ರ. ಯಾರು ಮೇಲಕ್ಕೆ ಹೋಗುತ್ತಾರೆ, ಯಾರು ಇಲ್ಲಿಗೇ ನಿಲ್ಲುತ್ತಾರೆ ಎಂದು ನೋಡಿ ತಿಂಗಳಿಗೊಮ್ಮೆ ಒಬ್ಬೊಬ್ಬರಿಗೂ ಒಂದು ಹಾಳೆ ತುಂಬಬೇಕು. ಉಸಿರು, ಕಾಲು, ಕೈ, ಕಣ್ಣು, ಧೈರ್ಯ ಎಂದು ಐದು ಮನೆ, ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ, ಕೊನೆಗೆ ಎರಡು ಮಾತಿನ ಷರಾ. ಒಂದೇ ಮನೆಯಲ್ಲಿ ಸತತ ಮೂರು ತಿಂಗಳು ನಾಲ್ಕಕ್ಕಿಂತ ಕಡಿಮೆ ಬಂದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹಾಳೆಯನ್ನು ಓದುವವರು ದೂರದ ಆಫೀಸಿನಲ್ಲಿದ್ದಾರೆ, ಅವರು ಹುಡುಗಿಯರ ಮುಖವನ್ನೂ ಕಂಡವರಲ್ಲ.

ಮನೆ ಸಿಗುವುದು ಸುಲಭವಾಗಲಿಲ್ಲ. ನಾಲ್ಕು ಕಡೆ ಕೋಣೆ ನೋಡುವ ಮೊದಲೇ "ನೀವು ಏನು ಉಣ್ತೀರಿ?" ಎಂದು ಕೇಳಿದರು. ಕಡಲ ಕಡೆಯವಳು ಎಂದ ಮೇಲೆ ಉತ್ತರ ಅವರಿಗೇ ಗೊತ್ತಿತ್ತು. ಗೌರಮ್ಮ ಮಾತ್ರ, "ಮನ್ಯಾಗ ಮೀನು ಮಾಡೋದು ಬ್ಯಾಡ. ಹೊರಗೆ ಏನು ತಿಂದ್ರೂ ನಮ್ಗೇನ್ರಿ? ಬರ್ರಿ, ಕೂಡ್ರಿ" ಎಂದು ಬೀಗದ ಕೈ ಕೊಟ್ಟರು. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ಹೊಟ್ಟೆಗೆ ಜೋಳದ ರೊಟ್ಟಿ ಒಗ್ಗಲು ಎರಡು ತಿಂಗಳು ಹಿಡಿಯಿತು. ಬೆಣ್ಣೆದೋಸೆಗೆ ಎರಡು ದಿನವೂ ಬೇಕಾಗಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಸಂಜೆಯಾದರೆ ಇಲ್ಲಿ ಮಂಡಕ್ಕಿ, ಜೊತೆಗೆ ಮಿರ್ಚಿ. ನಮ್ಮಲ್ಲಿ ಸಂಜೆಯೆಂದರೆ ದೋಣಿ ಬರುವ ಹೊತ್ತು, ಬುಟ್ಟಿಯ ಸುತ್ತ ಚೌಕಾಸಿ. ಇಲ್ಲಿಯ ಸಂಜೆಗೆ ಎಣ್ಣೆಯ ವಾಸನೆ. ಮೊದಲ ತಿಂಗಳುಗಳಲ್ಲಿ ಆ ಹೊತ್ತಿಗೆ ಸುಮ್ಮನೆ ಅಳು ಬರುತ್ತಿತ್ತು, ಈಗ ಅಷ್ಟಕ್ಕೂ ತ್ರಾಣವಿಲ್ಲ.

ಅಭ್ಯಾಸ ನಡೆಯುವುದು ಕರೂರು ಕೈಗಾರಿಕಾ ಪ್ರದೇಶದ ಒಂದು ಹಳೆಯ ಗೋದಾಮಿನಲ್ಲಿ. ಒಳಗೆ ನೀಲಿ ಮ್ಯಾಟು ಹಾಸಿದ್ದಾರೆ, ಮೇಲೆ ತಗಡಿನ ಮಾಡು. ಪಕ್ಕದ ಕಾರ್ಖಾನೆಯ ಯಂತ್ರ ನಿಂತಾಗ ಮಾತ್ರ ಹುಡುಗಿಯರ ಉಸಿರು ಕೇಳಿಸುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತು, ಮತ್ತೆ ನಾಲ್ಕರಿಂದ ಏಳು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ಬರೆಯುತ್ತೇನೆ. ಆಡುವುದಕ್ಕಿಂತ ಆಡುವವರನ್ನು ಅಳೆಯುವುದು ಹೆಚ್ಚು ದಣಿಸುತ್ತದೆ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಹದಿನೆಂಟು ಜೊತೆ ಕಣ್ಣು ದಿನವಿಡೀ ನಿಮ್ಮ ಪೆನ್ನನ್ನೇ ನೋಡುತ್ತಿದ್ದರೆ ನೀವೂ ದಣಿಯುತ್ತೀರಿ.

ಒಮ್ಮೆ ತಂಗಿ ಒಣಮೀನು ಕಳಿಸಿದ್ದಳು. ಗೌರಮ್ಮನ ಮನೆಯಲ್ಲಿ ಬಿಚ್ಚುವ ಹಾಗಿಲ್ಲ. ಗೋದಾಮಿನ ಹಿಂದೆ ಕಲ್ಲಿನ ಮೇಲೆ ಕೂತು ಬುತ್ತಿಯ ಜೊತೆ ಕದ್ದು ತಿನ್ನುತ್ತಿದ್ದೆ. ವಾಸನೆ ಹಿಡಿದು ಒಬ್ಬಳು ಬಂದಳು. ರೇಣುಕಾ, ಹತ್ತೊಂಬತ್ತು ವರ್ಷ, ಹರಿಹರ ತಾಲೂಕಿನ ಕಡರನಾಯಕನಹಳ್ಳಿಯವಳು. ಅಮ್ಮನ ಜೊತೆ ಗದ್ದೆ ಕೆಲಸಕ್ಕೆ ಹೋಗುತ್ತ ಬೆಳೆದವಳು. ಎರಡು ಬಸ್ಸು ಹಿಡಿದು ಆರು ಗಂಟೆಗೆ ಸರಿಯಾಗಿ ಬರುವವಳು ಇವಳೊಬ್ಬಳೇ. "ಇದೇನ್ ಮೀನು ರೀ, ಕಟ್ಟಿಗೆ ಆಗೈತೆ! ನಮ್ಮೂರಾಗ ಹೊಳೆ ಮೀನು ಸಿಗ್ತಾವೆ ಮೇಡಂ, ಜೀವ ಇರೋವು. ಒಂದಿನ ಬರ್ರಿ ಮತ್ತೆ" ಎಂದಳು. ಈ ಊರಿಗೆ ಬಂದ ಮೇಲೆ ನನ್ನನ್ನು ಊಟಕ್ಕೆ ಕರೆದ ಮೊದಲಿಗಳು ಅವಳು. ಆ ತಿಂಗಳ ಅವಳ ಹಾಳೆಯಲ್ಲಿ ನಾನು ಬರೆದದ್ದು: ಕಾಲು, ಮೂರು. ಷರಾ: ಕಾಲು ಭಾರ.

ಕಾರಣ ಹೇಳುತ್ತೇನೆ. ನಾವು ಕಡಲ ಬದಿಯವರು ಆಟ ಕಲಿತದ್ದು ಮರಳಿನಲ್ಲಿ. ಅಲ್ಲಿ ಕಾಲು ಎತ್ತಿ ಕುಕ್ಕಿದರೆ ಹೂತುಹೋಗುತ್ತದೆ. ನೆಲವನ್ನು ಸವರಿಕೊಂಡು ಹೋಗಬೇಕು. "ಕಾಲು ನೆಲ ಬಿಡಬಾರದು" ಎಂದು ನಮ್ಮ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದರು. ರೇಣುಕಾ ಮಾತ್ರ ಎದುರಾಳಿಯ ಅಂಗಳಕ್ಕೆ ಹೋದಾಗ ಒಂದೊಂದು ಕಾಲನ್ನೂ ಮೇಲಕ್ಕೆತ್ತಿ ಎತ್ತಿ ಇಡುತ್ತಿದ್ದಳು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಎಷ್ಟು ಹೊತ್ತು ಹಾಳು! ಎರಡನೆಯ ತಿಂಗಳೂ ಮೂರು, ಮೂರನೆಯ ತಿಂಗಳೂ ಮೂರು. ಅವಳ ಕಾಲು ಹಿಡಿಯಲು ಹೋದವರು ಬರಿಗೈಯಲ್ಲಿ ಬೀಳುತ್ತಿದ್ದುದು ನನಗೆ ಕಾಣಲಿಲ್ಲವೆಂದಲ್ಲ. ಕಂಡಿತು. ಹಿಡಿಯುವವರ ಕೈ ಸರಿಯಿಲ್ಲ ಎಂದುಕೊಂಡು ಅವರ ಅಂಕ ಕಳೆದೆ.

ಮೂರನೆಯ ಹಾಳೆ ಹೋದ ವಾರಕ್ಕೆ ಆಫೀಸಿನಿಂದ ಪಟ್ಟಿ ಬಂತು. ರೇಣುಕಾಳ ಹೆಸರಿರಲಿಲ್ಲ. ಇಂಥದ್ದನ್ನು ನಾನು ಫೋನಿನಲ್ಲಿ ಹೇಳುವುದಿಲ್ಲ. ನನ್ನ ಮೊಣಕಾಲು ಹೋದಾಗ ನನ್ನನ್ನು ತಂಡದಿಂದ ಬಿಟ್ಟ ಸುದ್ದಿ ಫೋನಿನಲ್ಲೇ ಬಂದಿತ್ತು. ಇನ್ನೊಬ್ಬರಿಗೆ ಹಾಗೆ ಮಾಡಬಾರದೆಂದು ಅಂದೇ ಅಂದುಕೊಂಡಿದ್ದೆ. ಭಾನುವಾರ ಹರಿಹರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಡರನಾಯಕನಹಳ್ಳಿಯಲ್ಲಿ ಇಳಿದೆ.

ಮನೆಗೆ ಬೀಗವಿತ್ತು. ಎಲ್ಲರೂ ನಾಟಿಗೆ ಹೋಗಿದ್ದಾರೆ ಎಂದು ಪಕ್ಕದವರು ಗದ್ದೆಯ ದಾರಿ ತೋರಿಸಿದರು. ಹತ್ತು ಹನ್ನೆರಡು ಹೆಂಗಸರು ಬಗ್ಗಿ ಸಸಿ ಹಚ್ಚುತ್ತಿದ್ದರು. ರೇಣುಕಾ ನನ್ನನ್ನು ಕಂಡವಳೇ "ಮೇಡಂ ಬಂದ್ರು!" ಎಂದು ಕೂಗಿ, ಮೊಣಕಾಲುದ್ದದ ಕೆಸರಿನಲ್ಲಿ ನನ್ನ ಕಡೆ ಓಡಿ ಬಂದಳು. ಓಡಿ ಬಂದಳು ಎಂದೇ ಬರೆಯುತ್ತಿದ್ದೇನೆ. ಉಳಿದವರು ನಡೆಯಲು ತಿಣುಕುವ ಕೆಸರು ಅದು. ಮೊದಲು ಹಿಮ್ಮಡಿ, ಆಮೇಲೆ ಬೆರಳು. ಕಾಲನ್ನು ಹಿಂದಕ್ಕೆ ಎಳೆಯುತ್ತಲೇ ಇರಲಿಲ್ಲ, ಅದು ನೆಟ್ಟಗೆ ಮೇಲಕ್ಕೆ ಬರುತ್ತಿತ್ತು. ಕೆಸರು ಹಿಡಿಯಲು ನೋಡುತ್ತಿತ್ತು, ಹಿಡಿಯುವಷ್ಟರಲ್ಲಿ ಅಲ್ಲಿ ಕಾಲೇ ಇರುತ್ತಿರಲಿಲ್ಲ.

ನಾನು ಬದುವಿನ ಮೇಲೆ ಕೂತುಬಿಟ್ಟೆ. ಗೋದಾಮಿನಲ್ಲಿ ಮೂರು ತಿಂಗಳು ಬರಿಗೈಯಲ್ಲಿ ಬಿದ್ದ ಹುಡುಗಿಯರೆಲ್ಲ ಕಣ್ಣ ಮುಂದೆ ಬಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೋ, ನೆಲವನ್ನೇ ನೋಡದೆ ಕುಣಿಯುವವಳ ಕಾಲು ಡೊಂಕು ಎಂದು ಬರೆದು ಸಹಿ ಹಾಕಿದ್ದೆ.

ಅವಳಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. "ನನ್ನ ಹೆಸ್ರು ಹೋತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಹೋಯಿತು. ನನ್ನಿಂದಲೇ ಹೋಯಿತು" ಎಂದೆ. ಏನು ಬರೆದಿದ್ದೆ ಎಂದೂ ಹೇಳಿದೆ.

ಅವಳು ಅಳಲಿಲ್ಲ. ಕೆಸರಿನ ಕೈಯನ್ನು ಲಂಗಕ್ಕೆ ಒರೆಸುತ್ತ ನಿಂತಳು. ಅವಳ ತಾಯಿ ಹನುಮಕ್ಕ ಸೊಂಟ ನೆಟ್ಟಗೆ ಮಾಡಿ ನನ್ನನ್ನು ದಿಟ್ಟಿಸಿದರು. "ಕಾಲು ಭಾರ ಅಂತ ಬರದ್ರೇನ್ರಿ? ಸಸಿ ಹಚ್ಚೋರ ಕಾಲು ಭಾರ ಇದ್ರೆ ಗದ್ದೆ ನುಂಗಿ ಬಿಡ್ತೈತೆ ರೀ" ಎಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ, ಆಶ್ಚರ್ಯವಿತ್ತು. ಆಮೇಲೆ, "ಇರ್ಲಿ, ಬಿಸಿಲಾಗ ಬಂದೀರಿ. ಉಂಡು ಹೋಗ್ರಿ. ಮೀನು ಐತೆ, ನಿಮಗಂತ ಕೇಳಿ ತರಿಸೋಣ ಅಂತ ಇವಳು ದಿನಾ ಹೇಳ್ತಿದ್ಲು. ಇವತ್ತು ತಾನಾಗೇ ಸಿಕ್ಕೈತೆ" ಎಂದರು. ಅವರ ಜೊತೆ ಕೂತು ಉಂಡೆ.

ಹೊರಡುವ ಮೊದಲು ರೇಣುಕಾಳನ್ನು ಮತ್ತೆ ಗದ್ದೆಗಿಳಿಸಿ, ಅವಳ ಕಾಲನ್ನಷ್ಟೇ ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಜೊತೆಗೆ ಗೋದಾಮಿನ ಹಳೆಯ ವಿಡಿಯೋಗಳನ್ನೂ ಸೇರಿಸಿ ಆಫೀಸಿಗೆ ಕಳಿಸಿದೆ. ಅಲ್ಲಿಯ ಸಾಹೇಬರು ಫೋನು ಮಾಡಿದರು. "ಮೇಡಂ, ಗದ್ದೆ ವಿಡಿಯೋ ಬಂದಿದೆ. ತಪ್ಪಿ ಕಳಿಸಿದ್ರಾ?" ವಿವರಿಸಿದೆ. ತುಂಬ ಹೊತ್ತು ಕೇಳಿಸಿಕೊಂಡು ಹೇಳಿದರು: "ಪಟ್ಟಿ ಮುಗಿದಿದೆ. ಅದನ್ನ ಮತ್ತೆ ತೆರೀಬೇಕಾದ್ರೆ ನಿಮ್ಮ ಅಂಕ ತಪ್ಪು ಅಂತ ನೀವೇ ಬರೆದು ಕೊಡಬೇಕು. ಅದು ನಿಮ್ಮ ಫೈಲಿಗೆ ಹೋಗುತ್ತೆ. ನಿಮ್ಮದೂ ಒಂದು ವರ್ಷದ ಕರಾರು, ಗೊತ್ತಲ್ಲ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಸುಳ್ಳು ಹೇಳುವುದಿಲ್ಲ, ಎರಡು ದಿನ ಮಾಡಿದೆ. ನೋಡುವ ಕಣ್ಣಿಗಾಗಿಯೇ ನನ್ನನ್ನು ಇಟ್ಟುಕೊಂಡವರಿಗೆ ಕಣ್ಣೇ ತಪ್ಪಿತು ಎಂದು ಬರೆದುಕೊಡುವುದು. ಕರಾರು ಹೋದರೆ ಈ ವಯಸ್ಸಿಗೆ, ಈ ಮೊಣಕಾಲಿಗೆ ಇನ್ನೊಂದು ಕೆಲಸ ಎಲ್ಲಿದೆ? ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಗೋದಾಮಿಗೆ ಹೋದೆ. ಹದಿನೇಳು ಹುಡುಗಿಯರಲ್ಲಿ ಯಾರೂ ಆರಕ್ಕೆ ಬಂದಿರಲಿಲ್ಲ. ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಗದ ಬರೆದೆ.

ಆಫೀಸಿನವರು ದೊಡ್ಡ ತಂಡದಿಂದ ಒಬ್ಬ ಹಿರಿಯ ಆಟಗಾರ್ತಿಯನ್ನು ಕಳಿಸಿದರು. ಆಕೆ ನನ್ನ ಕುರ್ಚಿಯಲ್ಲಿ ಕೂತು ರೇಣುಕಾಳನ್ನು ಒಂದು ಬೆಳಿಗ್ಗೆ ಪೂರ್ತಿ ಆಡಿಸಿ, ಕೊನೆಗೆ ತಾನೇ ಎದ್ದು ಅವಳ ಕಾಲು ಹಿಡಿಯಲು ಹೋದಳು. ಮೂರು ಸಲ ಬರಿಗೈಯಲ್ಲಿ ಬಿದ್ದಳು. ಮ್ಯಾಟಿನ ಮೇಲೆ ಮಲಗಿಕೊಂಡೇ ನಗತೊಡಗಿದಳು. ರೇಣುಕಾ ಮುಂದಿನ ತಿಂಗಳೇ ಹೊರರಾಜ್ಯದ ದೊಡ್ಡ ಶಿಬಿರಕ್ಕೆ ಹೋದಳು. ಹರಿಹರದ ರೈಲು ನಿಲ್ದಾಣದಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ನೆಲ ಹೆಂಗಿರ್ತೈತೆ ರೀ ಮೇಡಂ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ನನ್ನ ಕರಾರಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ಕಳೆದ ವಾರ ರಜೆ ಹಾಕಿ ಗಂಗೊಳ್ಳಿಗೆ ಹೋದೆ. ಹೊರಡುವಾಗ ಗೌರಮ್ಮ, "ಜಲ್ದಿ ಬರ್ರಿ, ಮನಿ ಬಿಕೋ ಅಂತೈತೆ" ಎಂದು ರೊಟ್ಟಿಯ ಗಂಟು ಕೊಟ್ಟಿದ್ದರು. ಅಲ್ಲಿ ತಂಗಿ ತಟ್ಟೆ ತುಂಬ ಬಂಗುಡೆ ಬಡಿಸಿದಳು. ತಿಂದೆ. ನಾಚಿಕೆಯ ಮಾತು, ಮೂರನೆಯ ದಿನ ರೊಟ್ಟಿಯ ಗಂಟು ಬಿಚ್ಚಿದೆ.

ಸಂಜೆ ತಂಗಿಯ ಮಗಳ ಜೊತೆ ಕಡಲ ಬದಿಗೆ ಹೋಗಿದ್ದೆ. ಹಿಂದೆ ಬರುತ್ತಿದ್ದವಳು ಒಮ್ಮೆಲೇ ನಗತೊಡಗಿದಳು. "ಎಂತ ಆಯ್ತ್ ದೊಡ್ಡಮ್ಮ ನಿಂಗೆ? ಕೊಕ್ಕರೆ ಹಾಂಗೆ ಕಾಲ್ ಎತ್ತಿ ಎತ್ತಿ ಇಡ್ತೆ ಅಲ್ದಾ!" ತಿರುಗಿ ನೋಡಿದೆ. ಮರಳಿನ ಮೇಲೆ ಅವಳ ಹೆಜ್ಜೆ ಗೀರೆಳೆದಂತೆ ಉದ್ದಕ್ಕೆ ಬಂದಿತ್ತು. ನನ್ನದು ಒಂದೊಂದೇ ಆಳದ ಗುಂಡಿ. ಸವರಿಕೊಂಡು ನಡೆಯಲು ನೋಡಿದೆ, ನಾಲ್ಕು ಹೆಜ್ಜೆಗೆ ಮತ್ತೆ ಕಾಲು ಮೇಲೆದ್ದಿತು.

ಆಗಲೇ ಫೋನು ಬಂತು. ರೇಣುಕಾ. ಗಾಳಿಯ ಸದ್ದಿನಲ್ಲಿ ಅವಳ ದನಿ ಸಣ್ಣಗೆ ಕೇಳಿಸಿತು. "ಮೇಡಂ, ಇಲ್ಲಿ ಎಲ್ರೂ ನನ್ನ ನಡಿಗೆ ನೋಡಿ ನಗ್ತಾರೆ ರೀ. ಭಾಷೆ ಬರಲ್ಲ, ಊಟ ಸೇರಲ್ಲ. ಕಾಲು ಇಡೋದಾದ್ರೂ ಇವ್ರಂಗೆ ಬದ್ಲಿ ಮಾಡ್ಕೊಳ್ಳೇನ್ರಿ?"

"ಬ್ಯಾಡ" ಎಂದೆ. "ಬ್ಯಾಡವ್ವ ರೇಣುಕಾ. ನಗಾಡ್ಲಿ ಬಿಡು. ನೆಟ್ಟಗೆ ಎತ್ತಿ ಇಡು."

ಫೋನು ಇಟ್ಟೆ. ತಂಗಿಯ ಮಗಳು ನಗು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ದೊಡ್ಡಮ್ಮ, ಈಗ 'ಬ್ಯಾಡವ್ವ' ಅಂದದ್ದ್ ಯಾರ್?" ಎಂದು ಕೇಳಿದಳು.