ಹೇಂಟೆ ಕೇಳದ ಮದುವೆ

ಡೆಡ್ಜಾ ಗುಡ್ಡದ ಬುಡದ ಆ ಊರಿನಲ್ಲಿ ಎನೆಲೆಸಿಯಷ್ಟು ಚೆನ್ನಾಗಿ ಗಡಿಗೆ ಮಾಡುವವರು ಇನ್ನೊಬ್ಬರಿರಲಿಲ್ಲ. ಅವಳಷ್ಟು ಬಾಯಿ ಜೋರಿನವರೂ ಇರಲಿಲ್ಲ. ಮೂವತ್ತೆರಡು ತುಂಬಿದರೂ ಮದುವೆಯಾಗಿರಲಿಲ್ಲ. ಅವಳ ಸೋದರಮಾವ ಜೈಲೋಸಿ, ಎಂಟು ಮಕ್ಕಳ ವಿಧುರನೊಬ್ಬನನ್ನು ಗೊತ್ತುಮಾಡುವ ಹವಣಿಕೆಯಲ್ಲಿದ್ದ.

ಆ ವರ್ಷ ಮೊದಲ ಮಳೆ ಬೀಳುವ ಹೊತ್ತಿಗೆ ಸೈಕಲ್ ರಿಪೇರಿಯ ಲುಫೆಯೊ ಎಲ್ಲಿಂದಲೋ ಬಂದು ಮಾವಿನ ಮರದ ಕೆಳಗೆ ಪಂಪು ಇಟ್ಟುಕೊಂಡು ಕೂತ. ಗಂಡಸು ಹೆಂಡತಿಯ ಊರಿಗೆ ಬಂದು ಬಾಳುವ ಸೀಮೆ ಅದು. ಊರ ಅಳಿಯನಲ್ಲದ ಪರವೂರಿನವನಿಗೆ ಮರದ ನೆರಳೂ ಸಿಗದು. ವಾರದೊಳಗೆ ಜಾಗ ಖಾಲಿ ಮಾಡು ಎಂದರು ಹಿರಿಯರು.

ಎನೆಲೆಸಿ ಹೋಗಿ ಅವನೆದುರು ಕೂತಳು.

"ನಿಂಗೆ ನೆರಳು ಬೇಕು. ನಂಗೆ ಆ ಎಂಟು ಮಕ್ಕಳಪ್ಪನ ಕಾಟ ತಪ್ಪಬೇಕು. ಸುಗ್ಗಿ ತನಕ ಗಂಡ ಆಗಿರ್ತೀಯಾ? ಸುಮ್ನೆ, ಹೆಸರಿಗೆ."

"ಸುಗ್ಗಿ ಆದ್ಮೇಲೆ?"

"ಜಗಳ ಆಡಿದ್ವಿ ಅನ್ನೋಣ. ನಿನ್ನ ಹುಂಜ ನೀನು ತಗೊಂಡು ಹೋಗು."

ಹುಂಜವಿಲ್ಲದೆ ಅಲ್ಲಿ ಮದುವೆಯಿಲ್ಲ. ಗಂಡಿನ ಸೋದರಮಾವ ಹುಂಜ ತರಬೇಕು, ಹೆಣ್ಣಿನ ಸೋದರಮಾವ ಹೇಂಟೆ ಕೊಡಬೇಕು. ಲುಫೆಯೊ ಸಂತೆಯಲ್ಲಿ ಒಂದು ಕೆಂಪು ಹುಂಜ ಕೊಂಡು ತಾನೇ ತಂದ.

"ನಮ್ಮ ಮಾವಂಗೆ ಕಾಲುನೋವು. ನನ್ನ ಕೈಲೇ ಕಳ್ಸಿದಾರೆ."

ಜೈಲೋಸಿ ಹುಂಜವನ್ನು ತಿರುಗಿಸಿ ಮುರುಗಿಸಿ ನೋಡಿದ. ಹುಡುಗನನ್ನೂ ಹಾಗೇ ನೋಡಿದ. "ಹೂಂ, ಸದ್ಯಕ್ಕೆ ಅವಳ ಜಗಲೀಲೇ ಕಟ್ಟು" ಎಂದು ಎದ್ದುಹೋದ. ಬದುಕಿದೆವು ಎಂದುಕೊಂಡರು ಇಬ್ಬರೂ.

ಅವನು ಜಗಲಿಯಲ್ಲಿ, ಅವಳು ಒಳಗೆ. ಜನರೆದುರು "ಏನ್ರೀ, ಬನ್ರೀ", ಬಾಗಿಲು ಮುಚ್ಚಿದರೆ "ಏಯ್ ಲುಫೆಯೊ, ಗ್ರೀಸು ಕೈಲಿ ಗಡಿಗೆ ಮುಟ್ಟಬೇಡ!" ಊಟಕ್ಕೆ ಕೂಗಿ ಕೂಗಿ ಅವಳ ಗಂಟಲು ಒಣಗುತ್ತದೆಂದು ಅವನು ಬಾಗಿಲಿಗೆ ಹಳೇ ಸೈಕಲ್ ಗಂಟೆ ಹಾಕಿಕೊಟ್ಟ. ಮುದ್ದೆಯ ತಳ ಸೀದ ಹಕ್ಕಳೆ ಅವನಿಗೆ ಇಷ್ಟವೆಂದು ಗೊತ್ತಾದ ಮೇಲೆ ಅವಳು ದಿನವೂ ಮುದ್ದೆ ಸೀಯಿಸತೊಡಗಿದಳು. ಕೇಳಿದರೆ, "ಈ ಸೌದೇನೇ ಸರಿಯಿಲ್ಲ" ಎನ್ನುವಳು.

ಮೆಕ್ಕೆಜೋಳ ಒಣಗುತ್ತ ಬಂತು. ಪ್ರತಿವರ್ಷ ಎಲ್ಲರಿಗಿಂತ ಮೊದಲು ತೆನೆ ಮುರಿಯುತ್ತಿದ್ದವಳು ಈ ಸಲ, "ಇನ್ನೂ ಹಸಿ ಇದೆ" ಎಂದು ದಿನ ತಳ್ಳಿದಳು. ತೆನೆಗಳೇನೋ ಗಲಗಲ ಎನ್ನುತ್ತಿದ್ದವು. ಇರು ಎನ್ನಲು ಇಷ್ಟು ಜೋರಿನ ಬಾಯಿಗೂ ಧೈರ್ಯ ಬರಲಿಲ್ಲ. ತನ್ನ ಮಾತಿಗೆ ಕಟ್ಟುಬಿದ್ದು ಉಳಿಯುವ ಗಂಡ ಅವಳಿಗೆ ಬೇಕಿರಲಿಲ್ಲ.

ಕೊನೆಯ ಬುಟ್ಟಿ ಕಣಜಕ್ಕೆ ಬಿದ್ದ ಮರುದಿನ ಬೆಳಿಗ್ಗೆ ನೋಡಿದರೆ ಜಗಲಿ ಖಾಲಿ. ಸೈಕಲ್ ಇಲ್ಲ, ಹುಂಜವೂ ಇಲ್ಲ.

ಅವಳು ಜೇಡಿ ಕಲಸಲು ಕೂತಳು. ಆ ದಿನ ಮಾಡಿದ ಮೂರೂ ಗಡಿಗೆಗಳ ಬಾಯಿ ಸೊಟ್ಟ. ಮಧ್ಯಾಹ್ನ ಮುದ್ದೆ ತಾನಾಗಿಯೇ ಸೀಯಿತು.

ಸಂಜೆ ಬಿಸಿಲು ಇಳಿಯುವಾಗ ದಾರಿಯಲ್ಲಿ ಮಕ್ಕಳ ಕೇಕೆ ಕೇಳಿಸಿತು. ಲುಫೆಯೊ ಬೆವರಿಳಿಸುತ್ತ ಪೆಡಲ್ ತುಳಿಯುತ್ತಿದ್ದ. ಕ್ಯಾರಿಯರ್ ಮೇಲೆ ಕೋಟು ತೊಟ್ಟ ದಪ್ಪ ಮುದುಕ, ಮುದುಕನ ತೊಡೆಯ ಮೇಲೆ ಕೆಂಪು ಹುಂಜ. ಸೈಕಲ್ ಸೀದಾ ಜೈಲೋಸಿಯ ಅಂಗಳಕ್ಕೆ ಹೋಗಿ ನಿಂತಿತು. ಎನೆಲೆಸಿ ಜೇಡಿಗೈಯಲ್ಲೇ ಓಡಿದಳು.

"ಓಹೋ, ಬೀಗರು! ಕಾಲುನೋವು ವಾಸಿ ಆಯ್ತಾ?" ಎಂದ ಜೈಲೋಸಿ.

"ಕಾಲಿಗೇನಾಗಿತ್ತು ನಂಗೆ? ಈಗ ಸೊಂಟ ಹೋಯ್ತು ನೋಡಿ, ಇವನ ಸೈಕಲ್ ದೆಸೆಯಿಂದ!"

ಎನೆಲೆಸಿ ತಲೆ ತಗ್ಗಿಸಿದಳು. "ಮಾವ, ನಿಂಗೆ ಗೊತ್ತಿತ್ತಾ?"

"ಹುಂಜ ತಂದು ಹೇಂಟೆ ಕೇಳದೆ ಹೋದ ಗಂಡನ್ನ ಎಲ್ಲಾದ್ರೂ ಕಂಡಿದೀಯಾ? ನೀನೂ ಕೇಳ್ಲಿಲ್ಲ. ಕೇಳೋ ದಿನ ಬರ್ಲಿ ಅಂತ ಸಾಕ್ತಾ ಕೂತಿದೀನಿ."

ಒಳಗೆ ಹೋಗಿ ಕಪ್ಪು ಹೇಂಟೆ ತಂದ. ಹಿಂದೆಯೇ ಏಳು ಮರಿಗಳು ಚಿಂವ್‌ಗುಟ್ಟುತ್ತ ಬಂದವು.

"ಕಾದಿದ್ದಕ್ಕೆ ಇವೂ ಸೇರ್ಕೊಂಡ್ವು. ತಗೊಳ್ಳಿ."

ಹುಂಜ ಈ ಕೈಯಿಂದ ಆ ಕೈಗೆ ಹೋಯಿತು, ಹೇಂಟೆ ಆ ಕೈಯಿಂದ ಈ ಕೈಗೆ ಬಂತು. ಇಬ್ಬರೇ ಮನೆಗೆ ಮರಳಿದ ಮೇಲೆ ಎನೆಲೆಸಿ ಬಾಗಿಲ ಗಂಟೆ ಬಾರಿಸಿದಳು.

"ಬನ್ರೀ ಊಟಕ್ಕೆ."

ಲುಫೆಯೊ ಹಿಂದೆ ಮುಂದೆ ನೋಡಿದ. ಯಾರೂ ಇರಲಿಲ್ಲ.